ಹರಾಜಾಗದ ರೊಟ್ಟಿ

ನನ್ನ ಅತ್ತೆ ಶಾಂತಮ್ಮ ನಾನು ಬಡಿದ ರೊಟ್ಟಿಗೆ ಹೆಸರಿಡದೆ ಒಂದು ತುತ್ತೂ ನುಂಗಿದವಳಲ್ಲ. ಮದುವೆಯಾಗಿ ಕೊಪ್ಪಳಕ್ಕೆ ಬಂದ ಹೊಸತರಲ್ಲೇ ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಎಳ್ಳು ಕಡಿಮಿ ಬಿದ್ದಾವು" ಅಂದಳು. ಮರುದಿನ ಹಟಕ್ಕೆ ಕೈತುಂಬ ಎಳ್ಳು ಉದುರಿಸಿದೆ. ಆಗಲೂ "ಎಳ್ಳು ಕಡಿಮಿ" ಅಂದಳು. ನನ್ನ ಮಕ್ಕಳು ಕಾಲೇಜಿಗೆ ಹೋಗುವಷ್ಟು ದೊಡ್ಡವರಾದರೂ ಆ ಮಾತು ಬದಲಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಾಯಿಲೆಯ ದಿನಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಡಾಕ್ಟರ ಮಾತಿಗಲ್ಲ. ಅತ್ತೆ ಹೆಸರಿಡದೆ ನನ್ನ ರೊಟ್ಟಿ ತಿಂದ ದಿನ ಹೆದರಿದೆ.

ನನ್ನ ಹೆಸರು ಎಸ್ತೇರ. ಗಂಡ ದಾನಪ್ಪ ಗಂಗಾವತಿಯ ಗಿರಣಿಗಳಿಂದ ಅಕ್ಕಿ ಚೀಲ ತರುವ ಟೆಂಪೊ ಓಡಿಸುತ್ತಾನೆ. ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಒಣಗಿಸಿ ಕಟಕ ಮಾಡಿ, ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗಳಿಗೆ ಕೊಡುತ್ತೇನೆ. ನಡುವೆ ಬಹಳ ತಿಂಗಳು ಕೊಡಲು ಆಗಲಿಲ್ಲ. ಆ ನಡುವಿನದನ್ನೇ ಬರೆಯಲು ಕುಳಿತಿದ್ದೇನೆ. ಸರ್ಕಾರಿ ದವಾಖಾನೆಯ ಬೆಂಚಿನ ಮೇಲೆ ಬಾಯಿಗೆ ಸೆರಗು ಹಿಡಿದು, ಪಕ್ಕದವರು ಸರಿದು ಕೂತದ್ದನ್ನು ಓರೆಗಣ್ಣಿನಿಂದ ನೋಡುತ್ತಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ಇದು ನಿಮಗೇ ಬರೆದದ್ದು.

ರೊಟ್ಟಿ ಬಡಿಯುವ ಹೆಂಗಸರಿಗೆ ಕೆಮ್ಮು ಹೊಸದಲ್ಲ. ಹಿಟ್ಟು ಮೂಗಿಗೆ ಹೋಗುತ್ತದೆ, ಒಲೆಯ ಹೊಗೆ ಗಂಟಲಿಗೆ ಹೋಗುತ್ತದೆ. ನಾವು ಅದನ್ನು ಹಿಟ್ಟಿನ ಕೆಮ್ಮು ಅಂತಲೇ ಕರೆಯುತ್ತೇವೆ. ನನಗೂ ಅದೇ ಅಂದುಕೊಂಡು ಮೆಣಸು, ಶುಂಠಿ, ಬೆಲ್ಲ ಕುದಿಸಿ ಕುಡಿದದ್ದೇ ಕುಡಿದದ್ದು. ಕೆಮ್ಮು ಕರಗಲಿಲ್ಲ, ನಾನು ಕರಗಿದೆ. ಬಳೆಗಳು ಮೊಣಕೈ ತನಕ ಜಾರತೊಡಗಿದವು. "ಏನ ಛಲೋ ಸಣ್ಣ ಆಗೀಯವಾ ಎಸ್ತೇರಾ, ಏನ್ ಮಾಡ್ತೀ ನಮಗೂ ಹೇಳು" ಅಂತ ಓಣಿಯ ಹೆಂಗಸರು ಕೇಳಿದರು. ನಾನೂ ಹಿಗ್ಗಿದೆ, ಹುಚ್ಚಿ. ಒಂದು ಮುಂಜಾನೆ ಹಿಟ್ಟು ನಾದುವಾಗ ಕೆಮ್ಮು ಒತ್ತರಿಸಿ ಬಂತು. ಸೆರಗು ಬಾಯಿಗೆ ಒತ್ತಿ ತೆಗೆದರೆ ಅದರ ಮೇಲೆ ಕೆಂಪು ಇತ್ತು. ನಾದಿದ ಹಿಟ್ಟನ್ನೆಲ್ಲ ಎತ್ತಿ ಹಿತ್ತಲಿಗೆ ಚೆಲ್ಲಿದೆ. ಹಿಟ್ಟು ಚೆಲ್ಲಿದ್ದಕ್ಕೆ ಬೈಯುತ್ತ ಹೊರಬಂದ ಅತ್ತೆ ನನ್ನ ಸೆರಗು ನೋಡಿ ಅರ್ಧಕ್ಕೇ ಮಾತು ನಿಲ್ಲಿಸಿದಳು.

ದವಾಖಾನೆಯಲ್ಲಿ ಕಫ ಕೊಡಲು ಸಣ್ಣ ಡಬ್ಬಿ ಕೊಟ್ಟು ಹೊರಗೆ ಬಯಲಲ್ಲಿ ಹೋಗಿ ಉಗುಳಿ ತಾ ಎಂದರು. ಬೇವಿನ ಮರದ ಕೆಳಗೆ, ಹೋಗಿ ಬರುವವರ ಎದುರು, ಎದೆಯಾಳದಿಂದ ಕೆಮ್ಮಿ ಕೆಮ್ಮಿ ಆ ಡಬ್ಬಿ ತುಂಬಿಸುವಾಗ ಆದ ನಾಚಿಕೆ ಹೆರಿಗೆಯಲ್ಲೂ ಆಗಿರಲಿಲ್ಲ. ಆಮೇಲೆ ಎದೆಯ ಫೋಟೊ. ಆಮೇಲೆ ಕಾಯುವುದು. ನನ್ನ ಬೆಂಚಿನಲ್ಲಿ ಮೊದಲು ತುಂಬ ಜನ ಇದ್ದರು. ನಾನು ಎರಡು ಸಲ ಕೆಮ್ಮಿದ ಮೇಲೆ ಬೆಂಚು ಪೂರ್ತಿ ನನ್ನದಾಯಿತು. ಕಾಲು ಚಾಚಿ ಕೂತೆ. ಬಿಟ್ಟುಕೊಟ್ಟ ಜಾಗವನ್ನು ಯಾಕೆ ಬಿಡಬೇಕು?

"ಟಿಬಿ ಐತ್ರಿ," ಅಂದರು ಡಾಕ್ಟರು, ಇವತ್ತು ಸಂತೆ ಐತಿ ಅನ್ನುವ ಹಾಗೆ. "ಗುಳಿಗಿ ಒಂದಿನಾನೂ ತಪ್ಪಿಸಬ್ಯಾಡ್ರಿ. ಹೋಗತೈತಿ."

ದಾನಪ್ಪ ಹೊರಗೆ ಬಂದು ಟೆಂಪೊದಲ್ಲಿ ಕೂತು, ಸ್ಟೇರಿಂಗ್ ಮೇಲೆ ತಲೆಯಿಟ್ಟು, ದನಿ ತೆಗೆದು ಅತ್ತ. ನನ್ನ ಗಂಡ ಅತ್ತದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. "ಗಾಡಿ ಚಾಲೂ ಮಾಡು," ಅಂದೆ. "ಹೋಗತೈತಿ ಅಂದಾರಲ್ಲ, ಕೇಳಿಸಲಿಲ್ಲೇನು?" ಜೋರಾಗಿ ಹೇಳಿದ್ದು ಅವನಿಗೆ ಧೈರ್ಯ ಬರಲೆಂದಲ್ಲ. ಮೆತ್ತಗೆ ಮಾತಾಡಿದರೆ ನನ್ನ ದನಿ ನಡುಗುತ್ತಿತ್ತು.

ಮನೆಯಲ್ಲಿ ಅತ್ತೆ ಹೇಳಿದ ಮೊದಲ ಮಾತು, "ನಮ್ಮ ಮನಿತನದಾಗ ಈ ರೋಗ ಯಾರಿಗೂ ಇದ್ದಿಲ್ಲ." ನಾನೇನೋ ತವರಿನಿಂದ ಬಳುವಳಿಯಾಗಿ ತಂದಿದ್ದೆ ಅನ್ನುವ ಹಾಗೆ. ಆದರೆ ಮರುದಿನದಿಂದ ಅವಳ ಕೋಳಿಗಳ ಮೊಟ್ಟೆ ಅಂಗಡಿಗೆ ಹೋಗುವುದು ನಿಂತಿತು. ಕುದಿಸಿ, ಸುಲಿದು, ತಾಟಿನಲ್ಲಿಟ್ಟು, ನಾನು ನುಂಗುವ ತನಕ ಎದುರಿಗೆ ನಿಂತಿರುತ್ತಿದ್ದಳು. ವಾಂತಿ ಬರುತ್ತದೆ ಎಂದರೆ, "ಬಂದ್ರ ಬರಲಿ, ಇನ್ನೊಂದ ಐತಿ" ಅನ್ನುತ್ತಿದ್ದಳು. "ನೀ ಸತ್ರ ರೊಟ್ಟಿ ಯಾರು ಬಡಿತಾರ?" ಶಾಂತಮ್ಮನ ಬಾಯಲ್ಲಿ ಪ್ರೀತಿ ಬರುವುದು ಹೀಗೆಯೇ.

ಗುಳಿಗೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮಗೂ ಕೊಟ್ಟಿರುತ್ತಾರೆ. ಉಚ್ಚೆ ಕೇಸರಿ ಬಣ್ಣದಲ್ಲಿ ಹೋದಾಗ ರಕ್ತವೆಂದು ಕಿರಚಬೇಡಿ, ನಾನು ಕಿರಚಿದ್ದೆ. ಅದು ಗುಳಿಗೆಯ ಬಣ್ಣ ಎಂದು ಹೇಳಿ ನನ್ನನ್ನು ನಗಿಸಿದವಳು ಖಾಜಾಬಿ. ಕುಷ್ಟಗಿಯಲ್ಲಿ ಬಳೆ ಮಾರುವವಳು. ಅಲ್ಲಿ ಗುಳಿಗೆ ತೆಗೆದುಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆಂದು ಇಲ್ಲಿಗೆ ಬರುತ್ತಿದ್ದಳು. ನನ್ನ ಖಾಲಿ ಬೆಂಚಿಗೆ ಬಂದು ಮೈಗೆ ಮೈ ತಾಗಿಸಿ ಕೂತ ಮೊದಲಿಗಳು ಅವಳೇ.

"ನಮ್ಮ ಮನಿಯಾಂವ ನನಗ ತಾಟು ಬ್ಯಾರೆ ಮಾಡ್ಯಾನ," ಅಂದಳು ಒಂದು ಸಲ.

"ನೀ ಏನ್ ಅಂದಿ?"

"ಏನೂ ಅನ್ನಲಿಲ್ಲ. ದಿನಾ ಅದನ್ನ ತೊಳದು ಅದರಾಗ ಅವಗೂ ಉಣ್ಣಾಕ ಹಾಕ್ತೀನಿ. ತಾಟಿನಿಂದ ಹತ್ತೂದುಲ್ಲ ಅಂತ ಡಾಕ್ಟರ್ ಹೇಳ್ಯಾರ. ಅವಗ ಯಾರು ಹೇಳಬೇಕು?" ಇಬ್ಬರೂ ನಕ್ಕು ಕೆಮ್ಮಿದೆವು, ಕೆಮ್ಮಿ ನಕ್ಕೆವು. ಒಳಗಿಂದ ನರ್ಸಮ್ಮ ಗದರಿದಳು.

ಈಗ ಮಾರ್ತಮ್ಮನ ಮಾತಿಗೆ ಬರುತ್ತೇನೆ. ಮಾರ್ತಮ್ಮ ನಮ್ಮ ಚರ್ಚಿನ ಸ್ತ್ರೀ ಸಂಘದ ಹಿರಿಯಳು. ನನ್ನ ಮೊದಲ ಮಗಳಿಗೆ ಕುಲಾವಿ ಹೊಲಿದು ಕೊಟ್ಟವಳು, ನನಗೆ ಹಾಡು ಕಲಿಸಿದವಳು. ಕಾಯಿಲೆಯ ಸುದ್ದಿ ತಿಳಿದು ಸಂಘದವರು ಮನೆಗೆ ಪ್ರಾರ್ಥನೆಗೆ ಬಂದಾಗ ಅವಳು ಮಾತ್ರ ಹೊಸ್ತಿಲ ಆಚೆ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. "ಒಳಗ ಏನರ ಪಾಪ ಇದ್ರ ಒಪ್ಪಿಕೊಂಡು ಬಿಡವಾ, ಹಗುರ ಆಗತೈತಿ" ಅಂದಳು. ನನ್ನ ಪುಪ್ಪುಸದಲ್ಲಿ ಇದ್ದದ್ದು ಹುಳ. ಅದಕ್ಕೆ ಪಾಪದ ಹೆಸರಿಟ್ಟದ್ದು ನನಗೆ ಗುಳಿಗೆಗಿಂತ ಕಹಿಯಾಯಿತು. ಆದರೂ ಸುಮ್ಮನಿದ್ದೆ.

ಸುಮ್ಮನಿರಲಾಗದ್ದು ಸುಗ್ಗಿ ಹಬ್ಬದಲ್ಲಿ ನಡೆಯಿತು. ನಮ್ಮ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಪ್ರತಿ ಮನೆಯವರೂ ತಮ್ಮ ಬೆಳೆಯ ಮೊದಲ ಪಾಲು ತಂದು ದೇವರ ಮುಂದೆ ಇಡುತ್ತಾರೆ. ಜೋಳ, ಸಜ್ಜೆ, ಕುಂಬಳಕಾಯಿ, ಹುಂಜ. ಹೊಲ ಇಲ್ಲದವರು ತಮ್ಮ ಕೈಯ ಕೆಲಸ ತರುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಅವನ್ನೆಲ್ಲ ಹರಾಜು ಹಾಕಿ, ಕೊಂಡವರು ಮನೆಗೆ ಒಯ್ದು ಆಶೀರ್ವಾದವೆಂದು ತಿನ್ನುತ್ತಾರೆ. ನಮಗೆ ಹೊಲ ಇಲ್ಲ. ನಾನು ಪ್ರತಿ ವರ್ಷ ಒಂದು ಅಟ್ಟಿ ಕಟಕ ರೊಟ್ಟಿ ಒಯ್ಯುತ್ತೇನೆ, ಅದಕ್ಕೆ ಪ್ರತಿ ವರ್ಷ ಪೈಪೋಟಿ ಇರುತ್ತದೆ. ಆ ವರ್ಷ ಡಾಕ್ಟರನ್ನು ಕೇಳಿಯೇ ಬಡಿದಿದ್ದೆ. "ಇನ್ನ ನಿಮ್ಮಿಂದ ಯಾರಿಗೂ ಹತ್ತೂದುಲ್ಲ, ಬಡೀರಿ, ನಮಗೂ ನಾಲ್ಕ ತರ್ರಿ" ಅಂದಿದ್ದರು. ಹಾಸಿಗೆಯಿಂದ ಎದ್ದು ಮೊದಲು ಮಾಡಿದ ಕೆಲಸ ಅದು. ಒಂದೊಂದು ರೊಟ್ಟಿಗೂ ಕೂತು ದಣಿವಾರಿಸಿಕೊಂಡು ಬಡಿದೆ.

ಹರಾಜು ಕೂಗುವವನು ಸಮುವೇಲಪ್ಪ. ರೊಟ್ಟಿಯ ಅಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, "ಎಸ್ತೇರಮ್ಮನ ರೊಟ್ಟಿ! ಕೂಗ್ರಿ!" ಎಂದ.

ಹೆಂಗಸರ ಜಮಖಾನೆಯಿಂದ ಮಾರ್ತಮ್ಮನ ದನಿ ಬಂತು. "ಅದನ್ನ ಬಾಜೂಕ ಇಡೋ ಸಮುವೇಲಪ್ಪಾ. ಎಲ್ಲಾರ ಮನ್ಯಾಗೂ ಮಕ್ಕಳು ಮರಿ ಅದಾವು."

ಸಮುವೇಲಪ್ಪ ಅಯ್ಯನವರ ಮುಖ ನೋಡಿದ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ತಮ್ಮ ಚಪ್ಪಲಿ ನೋಡಿಕೊಂಡರು. ಸಮುವೇಲಪ್ಪ ನನ್ನ ರೊಟ್ಟಿಯನ್ನು ಮೇಜಿನ ಕೆಳಗೆ ಇಟ್ಟು ಹುಂಜವನ್ನು ಎತ್ತಿಕೊಂಡ. ನಮ್ಮ ಮುತ್ತಜ್ಜನ ಕಾಲದಲ್ಲಿ ನಮ್ಮವರಿಗೆ ಹೋಟೆಲಿನ ಹೊರಗೆ ಬೇರೆ ಲೋಟ ಇಡುತ್ತಿದ್ದರು. ಒಂದೇ ಪಂಕ್ತಿಯಲ್ಲಿ ಕೂರಿಸಿ ಒಂದೇ ರೊಟ್ಟಿ ಮುರಿದು ಕೊಡುತ್ತಾರೆಂದೇ ಅವನು ಈ ಅಂಗಳಕ್ಕೆ ಬಂದದ್ದು. ಅದೇ ಅಂಗಳದಲ್ಲಿ ನನ್ನ ರೊಟ್ಟಿ ಮೇಜಿನ ಕೆಳಗೆ ಇತ್ತು. ಅಳು ಬರಲಿಲ್ಲ. ಸಿಟ್ಟು ಬಂತು, ಕಿವಿ ಬಿಸಿಯಾಗುವಷ್ಟು.

ಆಗ ಅತ್ತೆ ಎದ್ದಳು. ಮೊಣಕಾಲು ನೋವಿನ ಶಾಂತಮ್ಮ, ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗಿ, ಬಗ್ಗಿ, ಮೇಜಿನ ಕೆಳಗಿಂದ ಅಟ್ಟಿಯನ್ನು ಎಳೆದಳು. ಸೆರಗಿನ ಗಂಟು ಬಿಚ್ಚಿ ಇದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದಳು. "ನನ್ನ ಸೊಸಿ ರೊಟ್ಟಿ. ನಾ ಕೂಗೀನಿ. ಯಾರರ ಮ್ಯಾಲ ಕೂಗೋರು ಅದಾರೇನು?" ಯಾರೂ ಇರಲಿಲ್ಲ. ಅಲ್ಲೇ ಅಂಗಳದ ನಡುವೆ ನಿಂತು, ಪಲ್ಯೆ ಇಲ್ಲದೆ, ನೀರಿಲ್ಲದೆ, ಒಣ ರೊಟ್ಟಿಯನ್ನು ಕಟಕಟ ಕಡಿದು ಪೂರ್ತಿ ತಿಂದಳು. ಎಲ್ಲರಿಗೂ ಆ ಸದ್ದು ಕೇಳಿಸುತ್ತಿತ್ತು. ತಿಂದು ನನ್ನ ಕಡೆ ತಿರುಗಿ, "ಛಲೋ ಆಗ್ಯಾವು" ಅಂದಳು.

ಎಳ್ಳಿನ ಮಾತು ಎತ್ತಲೇ ಇಲ್ಲ. ನಾನು ಹೆದರಿದ್ದು ಆಗ. ಶಾಂತಮ್ಮ ನನ್ನ ರೊಟ್ಟಿಯನ್ನು ಹೊಗಳುವಷ್ಟು ನನ್ನ ಸ್ಥಿತಿ ಕೆಟ್ಟಿತ್ತು.

ಮಾರ್ತಮ್ಮನ ಮಾತು ಚರ್ಚಿನ ಅಂಗಳ ದಾಟಿ ಬಸ್ ನಿಲ್ದಾಣದ ತನಕ ಹೋಯಿತು. ಖಾನಾವಳಿಯವರು ಕೆಟ್ಟವರಲ್ಲ. "ಸ್ವಲ್ಪ ದಿನ ತಡೀರಿ ಅಕ್ಕಾರ" ಅಂದರು. ಎಷ್ಟು ದಿನ ಅಂದರೆ ಯಾರಿಗೂ ಗೊತ್ತಿರಲಿಲ್ಲ. ಹಂಚು ಬೋರಲು ಬಿದ್ದಿತ್ತು. ನನ್ನ ಕೈಯಿಂದ ಮತ್ತೆ ಯಾರಾದರೂ ತಿನ್ನುತ್ತಾರೋ ಇಲ್ಲವೋ ಅನ್ನುವುದೊಂದೇ ಆಗ ನನ್ನ ತಲೆಯಲ್ಲಿ ಇದ್ದದ್ದು. ಬದುಕುವುದು ಖಾತ್ರಿಯಾಗಿತ್ತು. ಆದರೆ ರೊಟ್ಟಿ ಬಡಿಯುವವಳಾಗಿ ಬದುಕುವುದು?

ಭಾನುವಾರ ಚರ್ಚಿಗೆ ಹೋಗುವುದನ್ನು ನಾನು ಬಿಡಲಿಲ್ಲ. ಬಿಟ್ಟರೆ ಮಾರ್ತಮ್ಮನಿಗೆ ಅಂಗಳ ಬರೆದುಕೊಟ್ಟ ಹಾಗೆ. ಹೋಗಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದೆ. ಆದರೆ ಎಲ್ಲರೂ ಸೇರಿ ಹೇಳುವ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ಬಾಯಿ ಮುಚ್ಚಿಬಿಡುತ್ತಿದ್ದೆ. ಆ ಸಾಲು ಮುಗಿದ ಮೇಲೆ ಮತ್ತೆ ದನಿ ಕೂಡಿಸುತ್ತಿದ್ದೆ. ದೇವರ ಎದುರು ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ಮೇಲು ಅನಿಸಿತ್ತು. ಪಕ್ಕದಲ್ಲಿ ಅತ್ತೆಯೂ ಅದೇ ಸಾಲಿಗೆ ಸುಮ್ಮನಾಗುತ್ತಿದ್ದಳೆಂದು ನನಗೆ ತಿಳಿದದ್ದು ತಡವಾಗಿ.

ಗುಳಿಗೆ ಮುಗಿದವು. ಕಫ ಶುದ್ಧವಾಗಿ ಬಂತು. ಡಾಕ್ಟರು ಎದೆಯ ಫೋಟೊ ಬೆಳಕಿಗೆ ಹಿಡಿದು, "ನೋಡ್ರಿ, ಖಾಲಿ" ಅಂದರು. ಖಾಜಾಬಿ ನನ್ನ ಕೈ ಹಿಡಿದು ಹಸಿರು ಬಳೆ ಏರಿಸಿದಳು, ಈಗ ಜಾರದ ಅಳತೆಯವು. ನಾನು ಕುಣಿಯಬೇಕಿತ್ತು. ಆದರೆ ಆ ಫೋಟೊ ಹಿಡಿದು ಹೊರಬಂದಾಗ ನನ್ನ ಮೊದಲ ಯೋಚನೆ ದೇವರದ್ದಲ್ಲ, ಗಂಡನದ್ದಲ್ಲ. ಇದನ್ನು ಮಾರ್ತಮ್ಮನ ಮುಖಕ್ಕೆ ಬಡಿಯಬೇಕು ಅಂತ. ಆಗಲೇ ತಿಳಿಯಿತು, ಎದೆ ಖಾಲಿಯಾಗಿಲ್ಲ. ಹುಳ ಸತ್ತರೂ ಮಾರ್ತಮ್ಮ ಒಳಗೇ ಕೂತಿದ್ದಾಳೆ, ಬಾಡಿಗೆ ಕೊಡದೆ. ಉಂಡರೂ ಅವಳು, ಮಲಗಿದರೂ ಅವಳು. ಇಷ್ಟು ತಿಂಗಳು ಕಹಿ ಗುಳಿಗೆ ನುಂಗಿ ಜಾಗ ತೆರವು ಮಾಡಿಸಿದ್ದು ಅವಳಿಗಾಗಿಯೇನು? ಅವಳನ್ನು ಹೊರಗೆ ಹಾಕಲು ನನಗೆ ಗೊತ್ತಿದ್ದ ದಾರಿ ಒಂದೇ, ಕ್ಷಮಿಸುವುದು. ಕ್ಷಮೆ ಮೆತ್ತಗಿನವರ ಕೆಲಸ ಅನ್ನುವವರು ಒಮ್ಮೆ ಮಾಡಿ ನೋಡಲಿ.

ಸುಗ್ಗಿ ಹಬ್ಬ ಮತ್ತೆ ಹತ್ತಿರ ಬಂದಾಗ ಅಯ್ಯನವರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಜಗಳವೆಂದರೆ ಹೆದರಿಕೆ. ಚಹಾ ಕುಡಿದು, "ನಮ್ಮ ಯೇಸಪ್ಪ ಇನ್ನೊಂದು ಕೆನ್ನಿ ತೋರಿಸು ಅಂದಾನ, ಎಸ್ತೇರಮ್ಮ. ಎಲ್ಲಾ ಮರತುಬಿಡ್ರಿ" ಅಂದರು. ಸ್ವಲ್ಪ ತಡೆದು, "ಈ ಸಲ ರೊಟ್ಟಿ ಬದಲಿ ಒಂದು ಕುಂಬಳಕಾಯಿ ತಂದ್ರ ಛಲೋ ನೋಡ್ರಿ. ಯಾರಿಗೂ ಮುಜುಗರ ಆಗೂದುಲ್ಲ" ಎಂದರು.

"ಕುಂಬಳಕಾಯಿ ನಾ ಬೆಳದಿಲ್ರಿ," ಅಂದೆ. "ಇನ್ನೊಂದು ಕೆನ್ನಿ ತೋರಸೂದು ಅಂದ್ರ ಮಾರಿ ಮುಚ್ಚಿಗೊಂಡು ಕುಂಡ್ರೂದಲ್ಲ. ಮಾರಿ ಎತ್ತಿದ್ರನ ಕೆನ್ನಿ ಕಾಣೂದು. ನಾ ರೊಟ್ಟಿ ತರತೀನಿ. ಕ್ಷಮಾನೂ ಮಾಡ್ತೀನಿ. ಮರಿಯೂದು ಮಾತ್ರ ನನ್ನಿಂದ ಆಗೂದುಲ್ಲ."

ಒಳಗಿನಿಂದ ಅತ್ತೆ, "ನಾ ಎರಡೂ ಮಾಡೂದುಲ್ಲ" ಎಂದು ಕೂಗಿದಳು. ಅಯ್ಯನವರು ಬೇಗ ಎದ್ದರು.

ತಪ್ಪು ಮಾಡಿದವರನ್ನು ಮೊದಲು ಒಬ್ಬರೇ ಹೋಗಿ ಕಾಣಬೇಕು, ನಾಲ್ಕು ಜನರ ಮುಂದೆ ಎಳೆಯಬಾರದು ಎಂದು ನಮಗೆ ಸಣ್ಣವರಿದ್ದಾಗಲೇ ಕಲಿಸಿದ್ದಾರೆ. ಅವಳು ನನ್ನನ್ನು ನಾಲ್ಕು ಜನರ ಮುಂದೆಯೇ ಎಳೆದಿದ್ದಳು. ಆದರೂ ನಾನು ಒಬ್ಬಳೇ ಹೋದೆ. ಹಬ್ಬದ ಹಿಂದಿನ ದಿನ, ನಾಲ್ಕು ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು. ಮಾರ್ತಮ್ಮ ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ನನ್ನನ್ನು ನೋಡಿ ಕೈ ನಿಂತಿತು. ಒಳಗೆ ಬಾ ಅನ್ನಲಿಲ್ಲ. ನಾನು ಹೊಸ್ತಿಲ ಮೇಲೆ ಕೂತೆ.

"ಮಾರ್ತಮ್ಮಾರ, ಎರಡು ಮಾತು ಹೇಳಾಕ ಬಂದೀನಿ. ಎರಡೂ ಕೇಳ್ರಿ. ನೀವು ನನಗ ಮಾಡಿದ್ದು ತಪ್ಪು. ನಾ ನಿಮ್ಮನ್ನ ಕ್ಷಮಾ ಮಾಡೀನಿ. ಒಂದನ್ನ ಕೇಳಿ ಇನ್ನೊಂದನ್ನ ಬಿಡಬ್ಯಾಡ್ರಿ."

ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು, ಎಲೆ ಬಿಟ್ಟು ಕಡ್ಡಿಯನ್ನೇ ಆರಿಸಿದಳು. ಸಿಟ್ಟಾಗಬಹುದು ಎಂದುಕೊಂಡಿದ್ದೆ. ಕೊನೆಗೆ ಬಂದ ದನಿ ಸಂಘದ ಹಿರಿಯಳದಾಗಿರಲಿಲ್ಲ.

"ನಮ್ಮ ಅವ್ವಗ ಇದ ರೋಗ ಇತ್ತು. ಯಲಬುರ್ಗಿ ಕಡೆ ನಮ್ಮೂರು. ಆಗ ನಮ್ಮ ಕಡೆ ಗುಳಿಗಿ ಎಲ್ಲಿ ಬಂದಿದ್ದವು? ದನದ ಕೊಟ್ಟಿಗ್ಯಾಗ ಇಟ್ಟಿದ್ರು. ಊಟದ ತಾಟು ಕೋಲಿನಿಂದ ಮುಂದ ನೂಕಬೇಕು, ಹತ್ರ ಹೋಗಬಾರದು." ಕೈಯಲ್ಲಿದ್ದ ಮೆಂತ್ಯೆಯ ಕಡ್ಡಿಯನ್ನು ಮುರಿದಳು. "ಆ ಕೋಲು ಹಿಡದಾಕಿ ನಾನ, ಎಸ್ತೇರಾ. ಮನ್ಯಾಗ ಸಣ್ಣಾಕಿ ಅಂತ ನನಗ ಹಚ್ಚಿದ್ರು. ಅವ್ವ ನನ್ನ ನೋಡಿ ನಗತಿದ್ಲು. ನಾ ನೂಕಿ ಓಡಿ ಬರತಿದ್ದೆ."

ಇದನ್ನು ಕೇಳಲು ನಾನು ತಯಾರಾಗಿ ಹೋಗಿರಲಿಲ್ಲ. ಕರುಳು ಚುರುಕ್ ಎಂದಿತು, ನಿಜ. ಆದರೆ ಕರುಳು ಚುರುಕ್ ಎಂದಿತೆಂದು ನನಗಾದದ್ದು ಇಲ್ಲವಾಗುವುದಿಲ್ಲ. ಅದನ್ನೂ ಹೇಳಿದೆ. "ಅಂಜಿಕಿ ನಿಮ್ಮದಿತ್ತು, ತಾಯಿ. ಶಿಕ್ಷಾ ನನಗ ಯಾಕ ಕೊಟ್ರಿ? ನಿಮ್ಮ ಅವ್ವಗ ಗುಳಿಗಿ ಸಿಗಲಿಲ್ಲ. ನನಗ ಸಿಕ್ಕಾವು. ನಾ ಸತ್ತಿಲ್ಲ. ನೋಡ್ರಿ ನನ್ನ." ಅವಳು ತಲೆಯೆತ್ತಿ ನೋಡಿದಳು. ರೊಟ್ಟಿಯ ಗಂಟನ್ನು ನಾನು ನೂಕಲಿಲ್ಲ. ಎದ್ದು ಒಳಗೆ ಹೋಗಿ, ಅವಳ ಮಡಿಲ ಹತ್ತಿರ ಸೊಪ್ಪಿನ ಪಕ್ಕದಲ್ಲಿ ಇಟ್ಟು ಬಂದೆ. ತಿಂದಳೋ ಬಿಟ್ಟಳೋ ನೋಡಲು ನಿಲ್ಲಲಿಲ್ಲ. ನಾನು ಕೊಡಬೇಕಾದ್ದು ಕೊಟ್ಟಿದ್ದೆ, ತಿನ್ನುವುದು ಅವಳ ಕೆಲಸ. ಮನೆಗೆ ಬರುವ ದಾರಿಯಲ್ಲಿ ಬಹಳ ದಿನಗಳ ಮೇಲೆ ಎದೆ ತುಂಬ ಉಸಿರು ತೆಗೆದುಕೊಂಡೆ.

ಮರುದಿನ ಚರ್ಚಿನಲ್ಲಿ ಆ ಸಾಲು ಬಂದಾಗ ಬಾಯಿ ಮುಚ್ಚಲಿಲ್ಲ, ಜೋರಾಗಿಯೇ ಹೇಳಿದೆ. ಅತ್ತೆ ಸುಮ್ಮನಿದ್ದವಳು ನನ್ನನ್ನು ದುರುಗುಟ್ಟಿ ನೋಡಿದಳು, ಕೈಕೊಟ್ಟವಳನ್ನು ನೋಡುವ ಹಾಗೆ.

ಅಂಗಳದಲ್ಲಿ ಹರಾಜು ಶುರುವಾಯಿತು. ಸಮುವೇಲಪ್ಪ ನನ್ನ ಅಟ್ಟಿಯನ್ನು ಕೈಗೆ ತೆಗೆದುಕೊಂಡ. ಈ ಸಲ ತಲೆಯ ಮೇಲೆ ಎತ್ತಲಿಲ್ಲ, ಎದೆಯ ಮಟ್ಟಕ್ಕೆ ಹಿಡಿದ. "ಎಸ್ತೇರಮ್ಮನ ರೊಟ್ಟಿ," ಅಂದ, ಸಣ್ಣ ದನಿಯಲ್ಲಿ. ಯಾರೂ ಕೂಗಲಿಲ್ಲ. ಅಯ್ಯನವರು ಚಪ್ಪಲಿ ನೋಡಿಕೊಳ್ಳಲು ತಯಾರಾದರು. ಅತ್ತೆಯ ಕೈ ಸೆರಗಿನ ಗಂಟಿಗೆ ಹೋಯಿತು. ನಾನು ಅದನ್ನು ಹಿಡಿದುಕೊಂಡೆ. "ಬ್ಯಾಡ ಅತ್ತಿ. ಈ ಸಲ ಅವರ ಕೂಗಲಿ." ಕೂಗದಿದ್ದರೆ? ಕೂಗದಿದ್ದರೆ ಮುಂದಿನ ವರ್ಷ ಮತ್ತೆ ತರುತ್ತೇನೆ, ಅದರ ಮುಂದಿನ ವರ್ಷವೂ ತರುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಎದ್ದು ನಿಂತೆ, ರೊಟ್ಟಿ ಯಾರದೆಂದು ಎಲ್ಲರಿಗೂ ಕಾಣಲಿ ಎಂದು.

ಜಮಖಾನೆಯ ಆ ಕೊನೆಯಲ್ಲಿ ಮಾರ್ತಮ್ಮ ಬೆಲೆ ಕೂಗಿದಳು. ಸಮುವೇಲಪ್ಪನಿಗೆ ನಂಬಿಕೆ ಬರಲಿಲ್ಲ. "ಯಾರು?" ಅಂದ.

"ನಾನ! ಕಿವಿ ಕೇಳಿಸೂದುಲ್ಲೇನು?"

ನಾನು ಕೈ ಸಡಿಲ ಬಿಟ್ಟದ್ದೇ ತಪ್ಪಾಯಿತು. ಅತ್ತೆ ಗಂಟು ಬಿಚ್ಚಿ ಅವಳ ಬೆಲೆಯ ಮೇಲೆ ಕೂಗಿದಳು. ಮಾರ್ತಮ್ಮ ಅದರ ಮೇಲೆ ಕೂಗಿದಳು. ಅತ್ತೆ ಮತ್ತೆ. "ಅತ್ತಿ, ಸುಮ್ಮನಿರು" ಎಂದೆ. "ನೀ ಕ್ಷಮಾ ಮಾಡೀದಿ, ನಾ ಮಾಡಿಲ್ಲ. ಅಕಿಗಿ ಬಿಡೂದುಲ್ಲ" ಎಂದಳು. ಜನ ಮೊದಲು ಗಾಬರಿಯಾದರು, ಆಮೇಲೆ ಮುಸಿಮುಸಿ ನಕ್ಕರು, ಆಮೇಲೆ ಗಂಡಸರು ಸಿಳ್ಳೆ ಹಾಕಿದರು. ನನ್ನ ರೊಟ್ಟಿ ಹುಂಜದ ಬೆಲೆ ದಾಟಿತು, ಆಡಿನ ಮರಿಯ ಬೆಲೆಯ ಹತ್ತಿರ ಹೋಯಿತು. ಸಮುವೇಲಪ್ಪ ಅಟ್ಟಿಯನ್ನು ಯಾವಾಗ ತಲೆಯ ಮೇಲೆ ಎತ್ತಿದನೋ ಅವನಿಗೂ ಗೊತ್ತಿಲ್ಲ. ಕೊನೆಗೆ ಅತ್ತೆಯ ಗಂಟು ಬರಿದಾಯಿತು. ದಾನಪ್ಪನ ಕಡೆ ಕೈ ಚಾಚಿದಳು. ಅವನು ನಗುತ್ತ ಜೇಬು ಹೊರಗೆಳೆದು ತೋರಿಸಿದ.

ರೊಟ್ಟಿ ಮಾರ್ತಮ್ಮನದಾಯಿತು. ಅವಳು ಎದ್ದು ಬಂದು, ಎಲ್ಲರ ಎದುರು ಮೇಲಿನ ರೊಟ್ಟಿಯನ್ನು ಮುರಿದು ಬಾಯಿಗಿಟ್ಟುಕೊಂಡಳು. ಅಗಿಯುವಾಗ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಹೋದ ವರ್ಷ ನನ್ನ ಬಾಯಾಗ ಬಂದ ಮಾತು ಕೆಟ್ಟದಿತ್ತು," ಅಂದಳು, ಜೋರಾಗಿ, ನನಗಲ್ಲ, ಅಂಗಳಕ್ಕೆ. ಆಮೇಲೆ ಉಳಿದ ಅರ್ಧವನ್ನು ಅತ್ತೆಯ ಮುಂದೆ ಹಿಡಿದಳು. ಕೈ ಚಾಚಿಯೇ ನಿಂತಳು.

ಶಾಂತಮ್ಮ ಆ ರೊಟ್ಟಿಯನ್ನು ನೋಡಿದಳು, ಮಾರ್ತಮ್ಮನ ಮುಖ ನೋಡಿದಳು, ನನ್ನನ್ನು ನೋಡಿದಳು. ತೆಗೆದುಕೊಂಡಳು. ಬೆಳಕಿಗೆ ಹಿಡಿದಳು. ಕಟಕ್ ಎಂದು ಕಡಿದು, ಅಗಿದು, ಮೂತಿ ಸೊಟ್ಟ ಮಾಡಿದಳು.

"ಎಳ್ಳು ಕಡಿಮಿ ಬಿದ್ದಾವು."

"ನನಗೂ ಹಂಗ ಅನಸ್ತು," ಅಂದಳು ಮಾರ್ತಮ್ಮ, ಕಣ್ಣೊರೆಸಿಕೊಳ್ಳುತ್ತ.

ಇಬ್ಬರೂ ಅಲ್ಲೇ ಕೂತು ನನ್ನ ರೊಟ್ಟಿಗೆ ಹೆಸರಿಡುತ್ತ ಅದನ್ನು ಪೂರ್ತಿ ತಿಂದರು. ನಾನು ಮುಖ ತಿರುಗಿಸಿ ಗೋಡೆಯ ಕಡೆ ನೋಡಿ ಅತ್ತುಬಿಟ್ಟೆ, ಕಾಯಿಲೆ ಬಂದ ಮೇಲೆ ಮೊದಲ ಸಲ. ಅವರನ್ನು ಕ್ಷಮಿಸಿದ್ದೇನೆ, ಇಬ್ಬರನ್ನೂ. ಆದರೆ ಆ ದಿನ ಎಳ್ಳು ಸರಿಯಾಗಿಯೇ ಬಿದ್ದಿದ್ದವು.